ಮದುಮಗಳ ಗಾದಿಯೊಳಗಿನ ಕ್ಯಾಸೆಟ್

ನನ್ನ ಹಾಡುಗಳಲ್ಲಿ ಗಿಟಾರುಗಳ ಕೆಳಗೆ ಒಂದು ದಪ್ಪ ಧ್ವನಿ ಕೇಳಿಸುತ್ತದಲ್ಲ, ಧಂಯ್ ಎಂದು ಎದೆಗೇ ಬಂದು ಬಡಿಯುವಂಥದ್ದು, ಅದನ್ನು ಬಾರಿಸಿದ್ದು ಯಾರು ಎಂದು ಕೇಳುವವರು ಈಗಲೂ ಇದ್ದಾರೆ. ಸಂದರ್ಶನಕ್ಕೆಂದು ಬರುವ ಹುಡುಗರು ನನ್ನ ಸ್ಟುಡಿಯೊದಲ್ಲಿ ನನ್ನ ಎದುರಿಗೇ ಕೂತು, ನಾನು ತರಿಸಿಕೊಟ್ಟ ಚಹಾ ಕುಡಿಯುತ್ತ, ಬೇಸ್ ಬಾರಿಸಿದ ಸರ್ ಯಾರು ಮೇಡಂ ಅನ್ನುತ್ತಾರೆ. ಸರ್ ಅಂತೆ! ಹಾಡು ಬರೆದವಳು ನಾನು, ಕಟ್ಟಿದವಳು ನಾನು, ರೆಕಾರ್ಡಿನ ಮೇಲೆ ನಿರ್ಮಾಪಕಿ ಎಂದು ಹೆಸರಿರುವುದೂ ನನ್ನದೇ. ಬಾರಿಸಿದವನು ಮಾತ್ರ ಯಾವನೋ ಸರ್ ಆಗಿರಬೇಕು. ತುಸು ಓದಿಕೊಂಡ ಇನ್ನು ಕೆಲವರು, ಅಮೆರಿಕದ ದಕ್ಷಿಣ ಸೀಮೆಯ ರಾಕ್ ಸಂಗೀತವನ್ನು ತಂದು ವಿಜಾಪುರದ ಕನ್ನಡಕ್ಕೆ ಜೋಡಿಸಿದ ಹೆಂಗಸು ಎಂದು ನನ್ನ ಬಗ್ಗೆ ಬರೆಯುತ್ತಾರೆ. ತಂದು ಜೋಡಿಸಲು ಅದೇನು ಪಂಪ್ ಸೆಟ್ಟೇ? ಇವರಿಗೆಲ್ಲ ನಾನು ಕೊಡುವ ಉತ್ತರ ಒಂದೇ. ಬಾರಿಸಿದ್ದು ನಾನು, ಕಲಿತದ್ದು ನಮ್ಮ ಮನೆಯಲ್ಲಿ. ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ.

ಮನೆ ಎಂದರೆ ಮುಂಬಯಿಯ ಜೋಗೇಶ್ವರಿಯ ಒಂದು ಚಾಳಿನಲ್ಲಿ ಒಂದೇ ಕೋಣೆಯ ಖೋಲಿ. ಅಪ್ಪ ಹುಸೇನಸಾಬ ಹತ್ತಿ ಹಿಂಜುವವನು, ಅವ್ವ ಗಾದಿ ಹೊಲಿಯುವವಳು, ನಾನು ಅವರ ಒಬ್ಬಳೇ ಮಗಳು ಜೈತುನ. ಸಿಂದಗಿ ಕಡೆಯಿಂದ ಮುಂಬಯಿಗೆ ಬರುವಾಗ ಅಪ್ಪ ತಂದದ್ದು ಒಂದು ಟ್ರಂಕು ಮತ್ತು ತನ್ನ ಬಿಲ್ಲು. ನನಗಿಂತ ಎತ್ತರದ, ತೋಳಿನಷ್ಟು ದಪ್ಪದ ಮರದ ದಂಡ. ಅದರ ಉದ್ದಕ್ಕೂ ಕುರಿಯ ಕರುಳು ಹೊಸೆದು ಮಾಡಿದ ತಂತಿ. ಗಂಟುಗಟ್ಟಿದ ಹಳೆಯ ಹತ್ತಿಯೊಳಗೆ ತಂತಿಯನ್ನು ಇಳಿಸಿ, ಮರದ ಕೊಡತಿಯಿಂದ ಅದಕ್ಕೆ ಬಡಿದರೆ ಹತ್ತಿ ಅರಳಿ ಅರಳಿ ಮೇಲೇಳುತ್ತಿತ್ತು. ಓಣಿ ಓಣಿ ತಿರುಗುವಾಗ ಅಪ್ಪ ಎಂದೂ ಬಾಯಿಬಿಟ್ಟು ಕೂಗಿದವನಲ್ಲ. ಹೆಗಲ ಮೇಲಿನ ಬಿಲ್ಲಿನ ತಂತಿಯನ್ನೊಮ್ಮೆ ಮೀಟಿದರೆ ಸಾಕು, ಧಂಯ್ ಎಂಬ ಸದ್ದಿಗೆ ಮೂರನೇ ಮಾಳಿಗೆಯ ಹೆಂಗಸರು ಕೂಡ ಗ್ಯಾಲರಿಗೆ ಬಂದು, ಏ ಗಾದಿಯವರೇ ನಿಲ್ರಿ ಅನ್ನುತ್ತಿದ್ದರು. ನಮ್ಮ ಚಾಳಿನಲ್ಲಿ ಅಪ್ಪನನ್ನು ಹೆಸರಿನಿಂದ ಕರೆಯುವವರೇ ಕಡಿಮೆ.

ಮಳೆಗಾಲದಲ್ಲಿ ಅಂಗಳದಲ್ಲಿ ಹತ್ತಿ ಹರಡಲಾಗುತ್ತಿರಲಿಲ್ಲ, ಹಿಂಜುವುದು ಖೋಲಿಯೊಳಗೇ. ಆಗ ನಮ್ಮ ಬೇಳೆಯಲ್ಲಿ ಹತ್ತಿ, ರೊಟ್ಟಿಯಲ್ಲಿ ಹತ್ತಿ, ಅಪ್ಪನ ಹುಬ್ಬಿನ ಮೇಲೆ ಹತ್ತಿ. ಅಡುಗೆಗೆ ಇದ್ದದ್ದು ಸೀಮೆಎಣ್ಣೆಯ ಪಂಪ್ ಸ್ಟೋವ್. ಗಾಳಿಯಲ್ಲಿ ಹತ್ತಿಯ ಎಳೆ ಹಾರಾಡುವಾಗ ಒಂದು ಕಿಡಿ ತಾಗಿದರೆ ಚಾಳಿಗೆ ಚಾಳೇ ಭಸ್ಮ. ಆದ್ದರಿಂದ ನಮ್ಮ ಮನೆಯಲ್ಲಿ ಒಂದು ಕಾಯಿದೆ: ಬಿಲ್ಲು ಇಳಿದಿದ್ದರೆ ಸ್ಟೋವ್ ಹತ್ತಬಾರದು, ಸ್ಟೋವ್ ಹತ್ತಿದ್ದರೆ ಬಿಲ್ಲು ಇಳಿಯಬಾರದು. ನಮ್ಮ ಊಟದ ಹೊತ್ತು, ಚಹಾದ ಹೊತ್ತು, ಜಗಳದ ಹೊತ್ತು ಎಲ್ಲ ಇದರ ಮೇಲೇ ನಿಂತಿತ್ತು. ಅಪ್ಪನಿಗೆ ಯಾವಾಗಲೂ ಅವಸರ, ಅವ್ವನಿಗೆ ಯಾವಾಗಲೂ ಇನ್ನೊಂದು ಐದು ನಿಮಿಷ ಬೇಕು. ಅಪ್ಪ ಕೊಡತಿ ಹಿಡಿದು ಬಾಗಿಲಲ್ಲಿ ನಿಂತು ತೊಡೆ ಬಡಿದುಕೊಳ್ಳುತ್ತಿದ್ದ.

"ಸ್ಟೋವ್ ಆರಸಬೇ, ಗಿರಾಕಿ ಬರೂ ಹೊತ್ತಾತು."

"ಅನ್ನಾ ಅರ್ಧಾ ಬೆಂದೈತ್ರಿ. ಅರ್ಧಾ ಬೆಂದ ಅನ್ನದ ಮ್ಯಾಲೆ ಸ್ಟೋವ್ ಆರಸಿದ ದಿನಾ ನಾ ಈ ಮನಿ ಹೆಣ್ಮಗಳ ಅಲ್ಲಂತ ತಿಳೀರಿ."

ಅಪ್ಪ ಗೊಣಗುತ್ತ ಹೊರಗೆ ಹೋಗಿ ಬೀಡಿ ಸೇದುತ್ತಿದ್ದ. ಸ್ಟೋವಿನ ವಿಷಯದಲ್ಲಿ ಅವ್ವ ಸೋತದ್ದನ್ನು ನಾನು ಕಂಡಿರಲಿಲ್ಲ. ಬಿಲ್ಲಿನ ವಿಷಯ ಮಾತ್ರ ಪೂರಾ ಅಪ್ಪನದು. ಗುರುವಾರ ಅದಕ್ಕೆ ಲೋಬಾನದ ಹೊಗೆ ಹಿಡಿಯುವವನು ಅವನೇ, ಒರೆಸುವವನು ಅವನೇ, ಗೋಡೆಯ ಗೂಟಕ್ಕೆ ಹಾಕುವವನೂ ಅವನೇ. ದಸರೆಯಲ್ಲಿ ಆಯುಧ ಪೂಜಿಸುವ ಖಂಡೇಪೂಜೆಯ ದಿನ ಪಕ್ಕದ ಖೋಲಿಯ ಗಿರಿಜಾ ಮಾವಶಿ ಬಂದು ಅದಕ್ಕೊಂದು ಚೆಂಡು ಹೂವು ಸಿಕ್ಕಿಸಿ ಹೋಗುತ್ತಿದ್ದಳು. ಅಪ್ಪ ಕಂಡೂ ಕಾಣದವನಂತೆ ಮೂರು ದಿನ ಹೂವು ಅಲ್ಲೇ ಬಿಡುತ್ತಿದ್ದ. ಆದರೆ ಗಿರಿಜಾ ಮಾವಶಿಯಾಗಲಿ, ಅವ್ವನಾಗಲಿ, ನಾನಾಗಲಿ ತಂತಿಗೆ ಕೈ ಹಚ್ಚುವಂತಿರಲಿಲ್ಲ. ನಾನು ಕೇಳದೆ ಬಿಡುವವಳೇ?

"ಯಾಕ ಮುಟ್ಟಬಾರದ, ಅಪ್ಪಾ?"

"ಅದು ಓಣಿಗೆ ಕೂಗೂದು. ಹೆಣ್ಣ ಹುಡುಗಿ ಓಣಿಗೆ ನಿಂತು ಕೂಗತಾಳೇನು?"

"ನೀರಿನ ಪಾಳಿ ದಿನಾ ಅವ್ವ ಓಣ್ಯಾಗ ನಿಂತು ಕೂಗತಾಳಲ್ಲ, ಅದೇನದು ಮತ್ತ?"

ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಪ್ಪ ನಗಲಿಲ್ಲ. ಬಿಲ್ಲನ್ನು ಇನ್ನೊಂದು ಗೇಣು ಮೇಲಿನ ಗೂಟಕ್ಕೆ ಏರಿಸಿದ, ಅಷ್ಟೆ. ನಾನು ಆಗ ಬೆಳೆಯುವ ವಯಸ್ಸಿನವಳು, ಒಂದು ಗೇಣು ಎಷ್ಟು ದಿನ ತಡೆದೀತು?

ನಮ್ಮ ಖೋಲಿಯಲ್ಲಿ ಇನ್ನೊಂದು ವಿಚಿತ್ರವಿತ್ತು. ಗಿರಾಕಿಗಳಿಗೆ ಕೊಡಬೇಕಾದ ಗಾದಿಗಳನ್ನು ಮೂರೂ ಗೋಡೆಗೆ ಒರಗಿಸಿ ನಿಲ್ಲಿಸುತ್ತಿದ್ದೆವು. ಅಷ್ಟು ಗಾದಿಗಳ ನಡುವೆ ನಾವು ಮೂವರು ಮಲಗುತ್ತಿದ್ದುದು ನೆಲದ ಮೇಲೆ, ಒಂದು ತೆಳು ಕೌದಿ ಹಾಸಿಕೊಂಡು. ಗಿರಾಕಿಯ ಗಾದಿಗೆ ನಮ್ಮ ಮೈ ತಾಗಬಾರದು ಎಂಬುದು ಅಪ್ಪನ ಇನ್ನೊಂದು ಹಟ. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಆ ಗಾದಿಗಳು ಗೋಡೆಗಿದ್ದಾಗ ಖೋಲಿಯ ಸದ್ದೇ ಬೇರೆ. ಹೊರಗಿನ ಲೋಕಲ್ ರೈಲು, ನಳದ ಕೆಳಗಿನ ಬಿಂದಿಗೆಗಳ ಜಗಳ, ಮೇಲಿನವರ ರೇಡಿಯೊ ಎಲ್ಲ ದೂರ ಹೋಗಿಬಿಡುತ್ತಿದ್ದವು. ಅವ್ವನ ಸೂಜಿ ಬಟ್ಟೆಯಲ್ಲಿ ತೂರುವ ಸದ್ದು ಕೇಳುತ್ತಿತ್ತು. ಗಾದಿಗಳು ಗಿರಾಕಿಗಳ ಮನೆಗೆ ಹೋದ ದಿನ ಅದೇ ಖೋಲಿ ಡಬ್ಬಿಯ ಹಾಗೆ ಗಣಗಣ ಅನ್ನುತ್ತಿತ್ತು. ಇಂದು ನನ್ನ ಸ್ಟುಡಿಯೊದ ಗೋಡೆಗಳಿಗೆ ನಾನು ಹಚ್ಚಿಸಿರುವುದು ಹತ್ತಿಯ ಗಾದಿಗಳನ್ನೇ. ನೋಡಿ ನಗುವವರು ನಗಲಿ, ಕೇಳಿ ನಗಲು ಅವರಿಂದ ಆಗಿಲ್ಲ.

ಗಿರಿಜಾ ಮಾವಶಿ ಪರೇಲಿನ ಒಂದು ಆಸ್ಪತ್ರೆಯಲ್ಲಿ ಆಯಾ. ಗದಗಿನ ಕಡೆಯವಳು, ಗಂಡನಿಲ್ಲ, ಮಕ್ಕಳಿಲ್ಲ, ಒಂದು ಟೇಪ್ ರೆಕಾರ್ಡರ್ ಇತ್ತು. ಡ್ಯೂಟಿಗೆ ಹೋಗುವಾಗ ಖೋಲಿಯ ಕೀಲಿಯ ಜೊತೆಗೆ ಅದನ್ನೂ ನಮ್ಮಲ್ಲಿ ಇಟ್ಟು ಹೋಗುತ್ತಿದ್ದಳು. ನನ್ನ ಕಾಟ ತಾಳಲಾರದೆ ಒಂದು ದಿನ ಗ್ರಾಂಟ್ ರೋಡಿನ ಫುಟ್‌ಪಾತಿನಿಂದ ಖಾಲಿ ಕ್ಯಾಸೆಟ್ ಒಂದನ್ನು ತಂದುಕೊಟ್ಟಳು. ಖಾಲಿ ಎಂದು ಮಾರಿದವನು ಆಣೆ ಮಾಡಿದ್ದನಂತೆ. ಹಾಕಿ ನೋಡಿದರೆ ಒಂದು ಬದಿಯ ತುಂಬ ಯಾರೋ ಅಮೆರಿಕದವರು ಹಾಡುತ್ತಿದ್ದಾರೆ. ಮಾತು ಒಂದೂ ತಿಳಿಯಲಿಲ್ಲ. ಆದರೆ ಅವರ ಗಂಟಲಿನಲ್ಲಿ ದೂಳಿತ್ತು, ಸಿಟ್ಟಿತ್ತು, ಮತ್ತು ಗಿಟಾರು ಧಂಯ್ ಎಂದು ಎದ್ದು ಜೋಂಯ್ ಎಂದು ಎಳೆದುಕೊಂಡು ಹೋಗುತ್ತಿತ್ತು. ಗಿಟಾರ್ ಎಂಬುದನ್ನು ನಾನು ಕಣ್ಣಿಂದ ಕಂಡವಳಲ್ಲ. ತಂತಿಯ ಸದ್ದು ಎಂದರೆ ನನಗೆ ಗೊತ್ತಿದ್ದದ್ದು ಒಂದೇ. ಓಡಿ ಹೋಗಿ ಅವ್ವನಿಗೆ ಹೇಳಿದೆ.

"ಅವ್ವಾ, ಅಮೆರಿಕಾದಾಗೂ ಹತ್ತಿ ಹಿಂಜಾವರ ಅದಾರ! ಕೇಳಿಲ್ಲೆ."

ಅವ್ವ ಸೂಜಿಯನ್ನು ಕೂದಲಿಗೆ ಸವರಿಕೊಳ್ಳುತ್ತ ಕಿವಿಗೊಟ್ಟು ಕೇಳಿದಳು. ಬಿಲ್ಲಿನ ಸದ್ದಿನಲ್ಲೇ ಸಂಸಾರ ಮಾಡಿದವಳು, ಅವಳ ತೀರ್ಪು ತಪ್ಪುವುದುಂಟೇ?

"ಹೌದ ನೋಡ. ಆದ್ರ ಅವರ ಹತ್ತಿ ಬಾಳ ಹಸಿ ಐತಿ, ಪಾಪ. ತಂತಿ ಹೆಂಗ ಎಳದಾಡಾಕತ್ತೈತಿ ನೋಡ."

ಹಸಿ ಹತ್ತಿಯಲ್ಲಿ ತಂತಿ ಹಾಗೇ ಎಳೆದಾಡುತ್ತದೆ, ಅದು ನಿಜ. ಬಹಳ ದಿನ ನಾವಿಬ್ಬರೂ ಆ ಹಾಡುಗಾರರನ್ನು ಮಳೆಗಾಲದಲ್ಲಿ ಸಿಕ್ಕಿಬಿದ್ದ ನಮ್ಮ ಬಳಗದವರು ಎಂದೇ ತಿಳಿದಿದ್ದೆವು. ಮುಂದೆ ನಿಜ ಗೊತ್ತಾದಾಗಲೂ ನನಗೆ ನಾಚಿಕೆ ಆಗಲಿಲ್ಲ. ಹತ್ತಿಯ ಹೊಲದ ಕಡೆಯಿಂದ ಬಂದವರ ಸಂಗೀತ ಅದು ಎಂದು ಪುಸ್ತಕಗಳಲ್ಲಿ ಓದಿದ ಮೇಲಂತೂ ಅವ್ವನ ಕಿವಿಗೆ ಕೈ ಮುಗಿದೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ: ಆ ಗಂಡಸರು ತಂತಿಯ ಸದ್ದಿಗೆ ತಮ್ಮ ಮಾತು ಕೂಡಿಸಿದ್ದಾರೆ, ನಾನೂ ಕೂಡಿಸಬಲ್ಲೆ, ಕ್ಯಾಸೆಟ್ಟಿನ ಇನ್ನೊಂದು ಬದಿ ಖಾಲಿ ಇದೆ.

ಒಂದು ಮಳೆಯ ಮಧ್ಯಾಹ್ನ ಅಪ್ಪ ಬಿಲ್ಲನ್ನು ಮನೆಯಲ್ಲೇ ಬಿಟ್ಟು ಗಾದಿಯ ಬಟ್ಟೆ ತರಲು ಹೋಗಿದ್ದ. ಅವ್ವ ಸೀಮೆಎಣ್ಣೆಯ ಪಾಳಿಗೆ ನಿಂತಿದ್ದಳು. ಖೋಲಿಯ ನಡುವೆ ಪರೇಲಿನ ಶಾಂತಾಬಾಯಿಯ ಮಗಳ ಮದುವೆಯ ಗಾದಿ ಬಿದ್ದಿತ್ತು, ಹತ್ತಿ ತುಂಬಿ ಮೂರು ಬದಿ ಹೊಲಿದು ಆಗಿತ್ತು, ಒಂದು ಬದಿ ಬಾಯಿ ತೆರೆದಿತ್ತು. ಟ್ರಂಕು ಏರಿ ನಿಂತು ಬಿಲ್ಲು ಇಳಿಸಿದೆ. ಭಾರ ಎಂದರೆ ಭಾರ. ಮಾವಶಿಯ ಟೇಪನ್ನು ಹತ್ತಿರ ಇಟ್ಟರೆ ಸದ್ದು ಒಡೆದು ಬರುತ್ತಿತ್ತು. ಒರಗಿಸಿದ ಗಾದಿಯ ಹಿಂದೆ ಇಟ್ಟೆ, ದುಂಡಗೆ ಬಂತು. ಕೊಡತಿಯಿಂದ ಬಡಿದು ಗಂಟಲು ಹರಿಯುವ ಹಾಗೆ ಹಾಡಿದೆ. ಮಾತು ನಾನೇ ಕಟ್ಟಿದ್ದು.

ರೊಟ್ಟ್ಯಾಗ ಹತ್ತಿ, ಬ್ಯಾಳ್ಯಾಗ ಹತ್ತಿ,
ಹುಬ್ಬಿನ ಮ್ಯಾಗೂ ಹತ್ತಿ ನಮಗ;
ಊರಿಗೆಲ್ಲಾ ಮೆತ್ತನ ಗಾದಿ ಹೊಲದೇವಿ,
ಬರೇ ನೆಲಾ ಉಳದೈತಿ ನಮಗ.

ಅಂಥ ದೊಡ್ಡ ಹಾಡೇನಲ್ಲ. ಆದರೆ ಮುಗಿಸಿ ಹಿಂದಕ್ಕೆ ಸುತ್ತಿ ಕೇಳಿದಾಗ, ಪೆಟ್ಟಿಗೆಯೊಳಗಿನಿಂದ ಬಂದ ಆ ಹುಡುಗಿಯ ಧ್ವನಿಗೆ ಯಾರ ಹೆದರಿಕೆಯೂ ಇರಲಿಲ್ಲ. ಅವಳು ನಾನೇ ಎಂದು ನಂಬಲು ಎರಡು ಸಲ ಕೇಳಿದೆ. ಹತ್ತಿಯ ದೂಳು ಹೊಗಬಾರದೆಂದು ಕ್ಯಾಸೆಟ್ಟನ್ನು ಅವ್ವನ ಕೌದಿಯ ಕೆಂಪು ಚಿಂದಿಯಲ್ಲಿ ಸುತ್ತಿ ದಾರ ಕಟ್ಟಿದೆ. ಬಿಲ್ಲನ್ನು ಗೂಟಕ್ಕೆ ಹಾಕುವಷ್ಟರಲ್ಲಿ ಮೆಟ್ಟಿಲ ಮೇಲೆ ಅಪ್ಪನ ಕೆಮ್ಮು. ಎಲ್ಲಿ ಅಡಗಿಸಲಿ? ಕೈಗೆ ಹತ್ತಿರವಿದ್ದ ಬಾಯಿ ಎಂದರೆ ಗಾದಿಯದು. ಮೊಣಕೈವರೆಗೆ ತೂರಿಸಿ ಕೈ ತೆಗೆದೆ. ಅಪ್ಪನ ಬೆನ್ನಿಗೇ ಅವ್ವನೂ ಬಂದಳು. ಮಳೆ ತುಸು ನಿಂತಿದೆ, ಈಗಲೇ ಮುಟ್ಟಿಸಿ ಬರುತ್ತೇನೆ, ಬೇಗ ಹೊಲಿ ಎಂದು ಅಪ್ಪ ಅವಸರ ಮಾಡಿದ. ನನ್ನ ಕಣ್ಣ ಮುಂದೆ ಅವ್ವ ನಾಲ್ಕನೇ ಬದಿಯನ್ನು ಸರಸರ ಹೊಲಿದಳು, ಅಪ್ಪ ಸುರುಳಿ ಸುತ್ತಿ ತಲೆಯ ಮೇಲೆ ಹೊತ್ತ, ನನ್ನ ಹಾಡು ಮೆಟ್ಟಿಲಿಳಿದು ಪರೇಲಿಗೆ ಹೋಯಿತು.

ಎರಡು ದಿನ ನನಗೆ ರೊಟ್ಟಿ ಇಳಿಯಲಿಲ್ಲ. ಯಾವಳೋ ಮದುಮಗಳು ಜೀವಮಾನವಿಡೀ ನನ್ನ ಹಾಡಿನ ಮೇಲೆ ಮಲಗುತ್ತಾಳೆ, ಅದು ಇದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಇನ್ನೊಮ್ಮೆ ಹಾಡೋಣ ಎಂದರೆ ಬಿಲ್ಲು ಮತ್ತೆ ಕೈಗೆ ಸಿಗುವ ಭರವಸೆ ಇಲ್ಲ, ಆ ಧ್ವನಿ ಮತ್ತೆ ಬರುವ ಭರವಸೆ ಮೊದಲೇ ಇಲ್ಲ. ಮೂರನೇ ದಿನ ಅವ್ವನ ಮುಂದೆ ಎಲ್ಲ ಹೇಳಿದೆ. ಮೊದಲು ಬೆನ್ನಿಗೆ ಎರಡು ಬಿದ್ದವು. ಆಮೇಲೆ ಅವ್ವ ನನ್ನ ಎದುರಿಗೇ ಕೂತು ಕೇಳಿದಳು.

"ಚಲೋ ಐತೇನು ಹಾಡ?"

"ಐತಿ."

"ಖರೇ?"

"ಖರೇ ಅವ್ವಾ. ಬಾಳ ಚಲೋ ಐತಿ."

"ಮತ್ತ ನಡಿ. ಹೊಲಿಗಿ ನಂದ, ಬಿಚ್ಚಾಕಿನೂ ನಾನ."

ಮಳೆ ಬಿಡುವು ಕೊಟ್ಟಿದ್ದರಿಂದ ಅಪ್ಪ ಆ ದಿನ ಪರೇಲಿನಲ್ಲೇ, ಶಾಂತಾಬಾಯಿಯ ಪಕ್ಕದ ಚಾಳಿನ ಅಂಗಳದಲ್ಲಿ ಹಿಂಜುತ್ತಿದ್ದ. ಅವನಿಗೆ ತಿಳಿಸದೆ ನಾವಿಬ್ಬರೂ ಲೋಕಲ್ ಹತ್ತಿ ಹೋದೆವು. ಮದುವೆಗೆ ನಾಲ್ಕೇ ದಿನ ಇತ್ತು, ಮನೆಯ ತುಂಬ ಅಥಣಿ ಕಡೆಯ ನೆಂಟರು. ಗಾದಿಯ ಒಂದು ಮೂಲೆ ತೆಳುವಾಗಿದೆ, ಸರಿ ಮಾಡಿ ಕೊಡುತ್ತೇನೆ ಎಂದು ಅವ್ವ ಹೇಳಿದಳು. ಶಾಂತಾಬಾಯಿ ಒಳ್ಳೆಯ ಹೆಂಗಸು, ಆದರೆ ಕಣ್ಣು ಸೂಜಿಯಂಥದು, ಪಕ್ಕದಲ್ಲೇ ನಿಂತಳು. ಅವ್ವ ಗೇಣುದ್ದ ಹೊಲಿಗೆ ಬಿಚ್ಚಿ ಕೈ ಹಾಕಿ ಹುಡುಕಿದಳು. ಕೈ ಹೊರಬಂದಾಗ ಅದರಲ್ಲಿ ದಾರ ಸುತ್ತಿದ ಕೆಂಪು ಗಂಟು. ಮದುಮಗಳ ಗಾದಿಯೊಳಗಿನಿಂದ, ಮದುವೆಗೆ ನಾಲ್ಕು ದಿನ ಇರುವಾಗ.

"ಅಯ್ಯಯ್ಯೋ, ಮಾಟ! ನನ್ನ ಮಗಳಿಗೆ ಮಾಟಾ ಮಾಡ್ಸ್ಯಾರ!"

ಮನೆ ಎದ್ದು ನಿಂತಿತು. ಯಾರೋ ಬಾಗಿಲು ಹಾಕಿದರು, ಮದುಮಗಳು ಅಳತೊಡಗಿದಳು, ಒಬ್ಬ ಅಜ್ಜಿ ಉಪ್ಪು ತನ್ನಿ, ಮೆಣಸಿನಕಾಯಿ ತನ್ನಿ ಎಂದು ಕೂಗಿದಳು. ಕಿಟಕಿಯಿಂದ ಅಪ್ಪನ ಬಿಲ್ಲಿನ ಸದ್ದು ಕೇಳುತ್ತಲೇ ಇತ್ತು. ಯಾರೋ ಓಡಿ ಹೋದರು, ಸದ್ದು ನಿಂತಿತು, ಹುಬ್ಬಿನ ತುಂಬ ಹತ್ತಿ ಮೆತ್ತಿಕೊಂಡ ಅಪ್ಪ ಬಂದು ಬಾಗಿಲಲ್ಲಿ ನಿಂತ. ನಮ್ಮನ್ನು ನೋಡಿದ, ಅವ್ವನ ಕೈಯಲ್ಲಿದ್ದ ಕೆಂಪು ಗಂಟನ್ನು ನೋಡಿದ. ಗಾದಿಯವನು ಗಾದಿಯಲ್ಲಿ ಮಾಟ ಇಡುತ್ತಾನೆ ಎಂಬ ಮಾತು ಒಮ್ಮೆ ಓಣಿಯಲ್ಲಿ ಹುಟ್ಟಿದರೆ ಅವನ ಬಿಲ್ಲಿನ ಸದ್ದಿಗೆ ಮುಂಬಯಿಯಲ್ಲಿ ಒಂದು ಬಾಗಿಲೂ ತೆರೆಯುವುದಿಲ್ಲ. ಅದು ನನಗೂ ಗೊತ್ತಿತ್ತು. ಮುಂದೆ ಹೋದೆ.

"ಮಾಟ ಅಲ್ರಿ, ಹಾಡದು. ನಿಮ್ಮ ಟೇಪಿನ್ಯಾಗ ಹಚ್ಚಿ ನೋಡ್ರಿ."

ಮದುವೆಯ ಮನೆ, ಟೇಪ್ ಇದ್ದೇ ಇತ್ತು. ಶಾಂತಾಬಾಯಿಯ ತಮ್ಮ ಗಂಟು ಬಿಚ್ಚಿ ಕ್ಯಾಸೆಟ್ ಹಾಕಿದ, ಹಾಕಿದ್ದು ಉಲ್ಟಾ ಬದಿ. ಅಮೆರಿಕದ ಗಂಡಸೊಬ್ಬ ಹೊಟ್ಟೆಯೊಳಗಿನಿಂದ ಕಿರಿಚಿದ. ಇಂಗ್ಲಿಷಿನಲ್ಲಿ ಮಾಡಿಸಿದ್ದಾರಲ್ಲೋ ಶಿವನೇ ಎಂದು ಅಜ್ಜಿ ಕುಸಿದು ಕೂತಳು. ನಾನೇ ಹೋಗಿ ಬದಿ ತಿರುಗಿಸಿ, ಹಿಂದಕ್ಕೆ ಸುತ್ತಿ ಹಾಕಿದೆ. ಧಂಯ್ ಎಂದಿತು. ಅಪ್ಪನ ತಲೆ ತಟಕ್ಕನೆ ಮೇಲೆದ್ದಿತು. ತನ್ನ ಬಿಲ್ಲಿನ ಸದ್ದು ಅವನಿಗೆ ತಿಳಿಯದೇ? ನನ್ನ ಹಾಡು ಮೊದಲಿನಿಂದ ಕೊನೆಯವರೆಗೆ ಆ ಮನೆಯಲ್ಲಿ ಮೊಳಗಿತು, ರೊಟ್ಟಿಯ ಹತ್ತಿ, ಬೇಳೆಯ ಹತ್ತಿ, ಬರೇ ನೆಲ, ಎಲ್ಲ. ಮುಗಿದಾಗ ಶಾಂತಾಬಾಯಿಯ ತಮ್ಮ ಟೇಪ್ ಆರಿಸಿದ. ಮದುಮಗಳು ಅಳು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

"ಬಿಲ್ಲ ಬಾರಿಸಿದವರ್ಯಾರು?" ಶಾಂತಾಬಾಯಿ ಕೇಳಿದಳು.

"ನಾನರಿ," ಅಂದ ಅಪ್ಪ. "ನಾ ಬಾರಿಸೀನಿ. ಹುಡುಗಿ ಸುಮ್ನ ಏನೋ ಒದರೇತಿ, ಮನಸಿಗಿ ಹಚ್ಕೋಬ್ಯಾಡ್ರಿ."

ನನ್ನನ್ನು ಕಾಯಲು ಹೇಳಿದ್ದು, ಬಲ್ಲೆ. ಬೀದಿಗೆ ಕೂಗುವ ತಂತಿಗೆ ಮಗಳು ಕೈ ಹಚ್ಚಿದಳು ಎಂದು ಹತ್ತು ಜನರ ಮುಂದೆ ಒಪ್ಪಿಕೊಳ್ಳುವ ಬದಲು ಅಪ್ಪ ತನ್ನ ಮೇಲೆ ಹಾಕಿಕೊಂಡ. ಸುಮ್ಮನಿದ್ದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವ್ವ ನನ್ನ ರಟ್ಟೆ ಹಿಡಿದಿದ್ದಳು. ನಾನು ಕೊಸರಿಕೊಂಡು ಮುಂದೆ ಬಂದೆ. ಇವತ್ತು ಆ ಸರ್ ಯಾರು ಎಂದು ಕೇಳಿದಾಗ ಬರುವ ಸಿಟ್ಟೇ ಅವತ್ತೂ ಬಂದಿತ್ತು.

"ಸುಳ್ಳ! ನಾ ಬಾರಿಸೀನಿ. ಬಿಲ್ಲ ಅಪ್ಪಂದು, ಬಾರಿಸಿದಾಕಿ ನಾನು. ಹಾಡೂ ನಂದ, ಮಾತೂ ನಂದ."

"ನನ್ನ ಮಗಳ ಮದುವಿ ಗಾದ್ಯಾಗ ಅಳೂ ಹಾಡ ಇಟ್ಟೀಯಲ್ಲ ನೀ?"

"ಅಳೂ ಹಾಡ ಅಲ್ರಿ ಅದು. ಜಗಳದ ಹಾಡ."

ಮಾಟವಲ್ಲ ಎಂಬುದನ್ನು ಶಾಂತಾಬಾಯಿ ಒಪ್ಪಿದಳು, ಅಷ್ಟು ದೊಡ್ಡ ಮನಸ್ಸು ಅವಳಿಗಿತ್ತು. ಆದರೆ ಗುಮಾನಿ ಬಂದ ಗಾದಿಯ ಮೇಲೆ ಮಗಳನ್ನು ಮಲಗಿಸಲಾರೆ, ಬೇರೆ ಮಾಡಿಕೊಡಿ ಅಂದಳು. ಅಪ್ಪ ಗಾದಿ ಸುತ್ತಿ ತಲೆಗೇರಿಸಿದ. ಲಗೇಜ್ ಡಬ್ಬಿಯಲ್ಲಿ ಗಾದಿ ಮತ್ತು ಬಿಲ್ಲಿನ ಜೊತೆ ಅವನು, ಹೆಂಗಸರ ಡಬ್ಬಿಯಲ್ಲಿ ನಾವಿಬ್ಬರು. ಕ್ಯಾಸೆಟ್ ನನ್ನ ಮುಷ್ಟಿಯಲ್ಲಿತ್ತು. ಮೂರು ದಿನದಲ್ಲಿ ಹೊಸ ಗಾದಿ ಮಾಡಿ ಕೊಟ್ಟುಬಂದ. ಆ ಮೂರು ದಿನ ನನ್ನ ಜೊತೆ ಒಂದು ಮಾತಿಲ್ಲ, ಬೈಗುಳವಿಲ್ಲ. ಹೊಡೆದಿದ್ದರೆ ವಾಸಿ ಇತ್ತು. ವಾಪಸು ಬಂದ ಗಾದಿಯನ್ನು ಬೇರೆ ಯಾರಿಗೂ ಕೊಡುವಂತಿರಲಿಲ್ಲ, ಬಿಚ್ಚಿ ಹಿಂಜಿದ್ದರೆ ಕೊಡಬಹುದಿತ್ತೇನೋ. ಅಪ್ಪ ಬಿಚ್ಚಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಅದನ್ನು ಖೋಲಿಯ ನಡುವೆ ಹಾಸಿ, ಕಾಲಿನಿಂದ ಸರಿಮಾಡಿ, ಅವ್ವನ ಕಡೆ ನೋಡದೆಯೇ, ಮಲ್ಕೋ ಹೋಗು, ಸೊಂಟಾ ನೋಯತೈತಿ ಅಂತಿದ್ದ್ಯಲ್ಲ ಅಂದ. ಅವ್ವ ಅಂಚಿನಲ್ಲಿ ಕೂತಳು, ಕೈಯಿಂದ ಒತ್ತಿ ನೋಡಿದಳು, ಆಮೇಲೆ ಅಡ್ಡಾದಳು. ತನ್ನ ಕೈಯಿಂದ ಹೊಲಿದ ಗಾದಿಯ ಮೇಲೆ ಅವಳು ಬೆನ್ನು ಹಚ್ಚಿದ್ದು ಅದೇ ಮೊದಲು. ನನಗೆ ಅಳು ಬಂತು, ಗೋಡೆಗೆ ಮುಖ ಮಾಡಿ ಅತ್ತೆ.

ಮರುದಿನ ಜೋರು ಮಳೆ. ಅವ್ವ ಅನ್ನಕ್ಕಿಟ್ಟಿದ್ದಳು, ಸ್ಟೋವ್ ಭೋರ್ ಅನ್ನುತ್ತಿತ್ತು. ಅಪ್ಪ ಬಾಗಿಲಲ್ಲಿ ಕೂತು ಬೀಡಿ ಮುಗಿಸಿ ಹೊರಗೆ ಎಸೆದ. ಗೋಡೆಯ ಮೇಲಿನ ಬಿಲ್ಲನ್ನು ನೋಡುತ್ತಲೇ ಮಾತಾಡಿದ, ಬಿಲ್ಲಿಗೇ ಹೇಳುವವನ ಹಾಗೆ.

"ತಂತಿ ಸಡಲಿತ್ತು."

ನನಗೆ ಮೊದಲು ತಿಳಿಯಲಿಲ್ಲ.

"ಆ ಹಾಡಿನ್ಯಾಗ. ತಂತಿ ಸಡಲಿತ್ತು. ಬಾರಸೂಕಿಂತ ಮೊದಲ ಬೆಣಿ ಬಡದು ಬಿಗಿ ಮಾಡಬೇಕು. ಬರತೈತೇನು ನಿನಗ?"

"ಇಲ್ಲ."

"ಬರೂದಿಲ್ಲಂದ್ರ ಹತ್ತು ಮಂದಿ ಮುಂದ ನಾ ಬಾರಿಸೀನಿ ನಾ ಬಾರಿಸೀನಿ ಅಂತ ಯಾಕ ಒದರತಿ? ಬಾ ಇಲ್ಲೆ."

ನಾನು ಎದ್ದೆ. ಅಪ್ಪ ಗೂಟದಿಂದ ಬಿಲ್ಲನ್ನು ಎತ್ತಿದ, ಆದರೆ ಇಳಿಸದೆ ಎರಡೂ ಕೈಯಲ್ಲಿ ಹಾಗೇ ಹಿಡಿದು ನಿಂತ. ಮನೆಯ ಕಾಯಿದೆ ಅವನು ಮುರಿಯುವವನಲ್ಲ. ನಾನು ಅವ್ವನ ಕಡೆ ನೋಡಿದೆ. ಪಾತ್ರೆಯಲ್ಲಿ ಅನ್ನ ಕೊತಕೊತ ಕುದಿಯುತ್ತಿತ್ತು, ಇನ್ನೂ ಅರ್ಧವೂ ಬೆಂದಿರಲಿಲ್ಲ. ಅವ್ವ ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು, ಬಗ್ಗಿ ಸ್ಟೋವ್ ಆರಿಸಿದಳು.